ಸೆಕೆಂಡ್ ಹ್ಯಾಂಡ್ ಚರ್ಮದ ಬೂಟು: ಹುಡುಕುವುದರಿಂದ ಹೊಸ ಸೋಲ್ ಹಾಕಿಸುವವರೆಗೆ

ಒಳ್ಳೆಯ ಚರ್ಮದ ಬೂಟಿನ ಬೆಲೆ ಹೊಸದರಲ್ಲಿ ಕೇಳಿದರೆ ಬಹಳಷ್ಟು ಜನ ಅಲ್ಲೇ ಹಿಂದಿರುಗುತ್ತಾರೆ. ಅದೇ ಬೂಟನ್ನು ಯಾರೋ ಕೊಂಡು, ಸ್ವಲ್ಪ ದಿನ ಹಾಕಿ, ಕಾಲಿಗೆ ಹಿಡಿಸಲಿಲ್ಲ ಅಂತ ಅಟ್ಟದ ಮೇಲೆ ಹಾಕಿರುತ್ತಾರೆ. ಅದು ಒಂದು ದಿನ ಮಾರಾಟಕ್ಕೆ ಬರುತ್ತದೆ. ಆ ದಿನ ಅದನ್ನು ಗುರುತಿಸಲು ನಿಮಗೆ ಬರಬೇಕು, ಅಷ್ಟೇ.

ನಾನು ಹಳೆ ಬೂಟು ನೋಡುವಾಗ ಎರಡೇ ವಿಷಯಕ್ಕೆ ಗಂಟು ಬೀಳುತ್ತೇನೆ. ಚರ್ಮದಲ್ಲಿ ಇನ್ನೂ ಜೀವ ಇರಬೇಕು. ಸೋಲ್ ಬಿಚ್ಚಿ ಮತ್ತೆ ಹೊಲಿಯಲು ಬರುವಂತಿರಬೇಕು. ಇವೆರಡೂ ಇದ್ದರೆ ಲೇಸ್, ಹೀಲ್, ಲೇಸ್ ತೂರಿಸುವ ಕಣ್ಣುರಿಂಗು, ಒಳಗಿನ ಮೆತ್ತೆ, ಬಣ್ಣ ಎಲ್ಲವನ್ನೂ ಸರಿಮಾಡಿಸಬಹುದು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಎಷ್ಟೇ ದೊಡ್ಡ ಹೆಸರಿನ ಬೂಟಾದರೂ ಬಿಟ್ಟುಬಿಡಿ.

ಒಂದು ಎಚ್ಚರಿಕೆ ಮೊದಲೇ ಹೇಳುತ್ತೇನೆ. ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಸ್ಪರ್ಶ ಕಡಿಮೆ ಆಗಿರುವವರು ಬೇರೆಯವರು ಹಾಕಿ ಸವೆಸಿದ ಬೂಟಿಗೆ ಹೋಗಬೇಡಿ. ಒಳಗೆ ಉಜ್ಜಿ ಗಾಯವಾದರೂ ಗೊತ್ತಾಗುವುದಿಲ್ಲ, ಆ ಗಾಯ ಬೇಗ ಮಾಯುವುದೂ ಇಲ್ಲ.

ಮೊದಲು ನಿಮ್ಮ ಕಾಲಿನ ಅಳತೆ

ಎಲ್ಲರೂ ಮೊದಲು ಬ್ರ್ಯಾಂಡ್ ಹುಡುಕುತ್ತಾರೆ. ಮೊದಲು ಬೇಕಾಗಿರುವುದು ಅಳತೆ. ಹೊಸ ಬೂಟಿನ ಅಂಗಡಿಯಲ್ಲಿ ಒಂದು ಸೈಜ್ ಹಿಡಿಸದಿದ್ದರೆ ಒಳಗಿನಿಂದ ಇನ್ನೊಂದು ತರಿಸಬಹುದು. ಇಲ್ಲಿ ಇರುವುದೇ ಒಂದು ಜೊತೆ.

ಸಂಜೆ ಹೊತ್ತು ಅಳೆಯಿರಿ. ದಿನವಿಡೀ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಬೂಟಿನ ಜೊತೆ ಹಾಕುವ ದಪ್ಪ ಸಾಕ್ಸನ್ನೇ ಹಾಕಿಕೊಳ್ಳಿ. ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ಬಿಳಿ ಹಾಳೆಯ ಮೇಲೆ ನಿಂತು, ಮೈಭಾರ ಪೂರ್ತಿ ಆ ಕಾಲಿನ ಮೇಲೆ ಬಿಡಿ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಗುರುತು ಹಾಕಲು ಮನೆಯವರಿಗೆ ಹೇಳಿ. ನೀವೇ ಬಗ್ಗಿದರೆ ಅಳತೆ ತಪ್ಪುತ್ತದೆ.

ಹಿಮ್ಮಡಿಯಿಂದ ಉದ್ದದ ಬೆರಳಿನ ತುದಿಯವರೆಗೆ ಒಂದು ಅಳತೆ. ಪಾದದ ಅತಿ ಅಗಲದ ಜಾಗ ಇನ್ನೊಂದು. ಮೂರನೆಯದು ಹಿಮ್ಮಡಿಯಿಂದ ಹೆಬ್ಬೆರಳ ಬುಡದ ಗಂಟಿನವರೆಗೆ. ಇದನ್ನು ಹೆಚ್ಚಿನವರು ಮರೆತುಬಿಡುತ್ತಾರೆ, ಆದರೆ ಬೂಟಿಗೆ ಇದೇ ಮುಖ್ಯ. ನಡೆಯುವಾಗ ಪಾದ ಮಡಚುವುದು ಆ ಗಂಟಿನ ಹತ್ತಿರ. ಬೂಟು ಕೂಡ ಅಲ್ಲೇ ಮಡಚಬೇಕು. ಉದ್ದ ಸರಿ ಇದ್ದು ಮಡಚುವ ಜಾಗ ಹಿಂದೆ ಮುಂದೆ ಆದರೆ ಕಾಲು ನೋಯುವುದು ತಪ್ಪುವುದಿಲ್ಲ. ಅಮೆರಿಕದ ಶೂ ಅಂಗಡಿಗಳಲ್ಲಿ ಕಾಣುವ ಬ್ರಾನಾಕ್ ಎಂಬ ಲೋಹದ ಅಳತೆ ಹಲಗೆ ಈ ಮೂರನ್ನೂ ಒಟ್ಟಿಗೆ ತೋರಿಸುತ್ತದೆ. ಅಲ್ಲಿರುವವರು ಒಮ್ಮೆ ಹೋಗಿ ಅಳೆಸಿಕೊಂಡು ಬರುವುದು ಒಳ್ಳೆಯದು. ಎರಡು ಕಾಲೂ ಅಳೆಯಿರಿ, ದೊಡ್ಡದನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಇನ್ನು ನಂಬರ್. ನಮ್ಮಲ್ಲಿ ನಡೆಯುವುದು ಬ್ರಿಟನ್ನಿನ ಲೆಕ್ಕ. ಗಂಡಸರ ಬೂಟಿನಲ್ಲಿ ಅಮೆರಿಕದ ನಂಬರ್ ಸುಮಾರು ಒಂದು ಜಾಸ್ತಿ ಇರುತ್ತದೆ. ಅಂದರೆ ನಮ್ಮ 8, ಅವರ 9, ಯುರೋಪಿನ 42. ಬ್ರಿಟನ್ ಮತ್ತು ಅಮೆರಿಕದ ಲೆಕ್ಕದಲ್ಲಿ ಒಂದು ಪೂರ್ತಿ ನಂಬರ್ ಅಂದರೆ ಇಂಚಿನ ಮೂರನೇ ಒಂದು ಭಾಗ, ಸುಮಾರು 8.5 ಮಿಲಿಮೀಟರ್. ಯುರೋಪಿನಲ್ಲಿ ಒಂದು ನಂಬರಿಗೆ ಸುಮಾರು 6.7 ಮಿಲಿಮೀಟರ್. ಹಾಗಾಗಿ ಯುರೋಪಿನ ನಂಬರನ್ನು ಬೇರೆಯದಕ್ಕೆ ಬದಲಿಸಿದಾಗ ಸರಿಯಾಗಿ ಕೂರುವುದಿಲ್ಲ, ಸ್ವಲ್ಪ ಆಚೀಚೆ ಆಗಿಯೇ ಆಗುತ್ತದೆ.

ನಂಬರಿನ ಪಕ್ಕದ ಅಕ್ಷರವನ್ನೂ ಓದಿ. ಅಮೆರಿಕದ ಗಂಡಸರ ಬೂಟಿನಲ್ಲಿ ಡಿ ಅಂದರೆ ಸಾಮಾನ್ಯ ಅಗಲ, ಇ ಮತ್ತು ಇಇ ಅಂದರೆ ಅಗಲ ಪಾದಕ್ಕೆ. ಇಂಗ್ಲೆಂಡಿನ ಬೂಟಿನಲ್ಲಿ ಎಫ್ ಸಾಮಾನ್ಯ, ಜಿ ಅಗಲ. ಚಿಕ್ಕಂದಿನಿಂದ ಬರಿಗಾಲಲ್ಲಿ, ಚಪ್ಪಲಿಯಲ್ಲಿ ಓಡಾಡಿದವರ ಪಾದ ಮುಂದಕ್ಕೆ ಹರಡಿಕೊಂಡಿರುವುದು ಸಹಜ. ಬೂಟು ಬಿಗಿ ಅನಿಸಿದಾಗ ಉದ್ದ ಜಾಸ್ತಿ ಮಾಡಿಕೊಳ್ಳುವ ಬದಲು ಅಗಲದ ಅಕ್ಷರ ಬದಲಿಸಿ ನೋಡಿ.

ಬಿಚ್ಚಿ ಹೊಲಿಯಲು ಬರುವ ಬೂಟು ಯಾವುದು

ಬೂಟಿನ ಮೇಲ್ಭಾಗವನ್ನೂ ಸೋಲನ್ನೂ ಕೂಡಿಸಲು ಹಲವು ದಾರಿಗಳಿವೆ. ಅಗ್ಗದ ಬೂಟಿನಲ್ಲಿ ಬರೀ ಗೋಂದು. ಸೋಲ್ ಸವೆದರೆ ಬೂಟಿನ ಕಥೆ ಹೆಚ್ಚುಕಡಿಮೆ ಮುಗಿಯಿತು. ಒಳ್ಳೆಯ ಬೂಟಿನಲ್ಲಿ ಮೇಲ್ಭಾಗಕ್ಕೂ ಸೋಲಿಗೂ ನಡುವೆ ಸುತ್ತಲೂ ಒಂದು ಚರ್ಮದ ಪಟ್ಟಿ ಇರುತ್ತದೆ. ಅದಕ್ಕೆ ವೆಲ್ಟ್ ಅಂತ ಹೆಸರು. ಬೂಟಿನ ಮೇಲ್ಭಾಗವನ್ನು ಈ ಪಟ್ಟಿಗೆ ಒಂದು ಹೊಲಿಗೆಯಿಂದ, ಪಟ್ಟಿಯನ್ನು ಸೋಲಿಗೆ ಇನ್ನೊಂದು ಹೊಲಿಗೆಯಿಂದ ಕೂಡಿಸುತ್ತಾರೆ. ಸೋಲ್ ಸವೆದಾಗ ಎರಡನೇ ಹೊಲಿಗೆಯನ್ನು ಮಾತ್ರ ಬಿಚ್ಚಿದರೆ ಸಾಕು. ಮೇಲ್ಭಾಗಕ್ಕೆ ಏನೂ ಆಗುವುದಿಲ್ಲ. ಇದನ್ನು ಗುಡ್‌ಇಯರ್ ವೆಲ್ಟ್ ಅನ್ನುತ್ತಾರೆ. 1870ರ ಆಸುಪಾಸಿನಲ್ಲಿ ಇದರ ಯಂತ್ರಕ್ಕೆ ಪೇಟೆಂಟ್ ಪಡೆದವರು ಚಾರ್ಲ್ಸ್ ಗುಡ್‌ಇಯರ್ ಜೂನಿಯರ್. ಗಂಧಕ ಹಾಕಿ ರಬ್ಬರನ್ನು ಗಟ್ಟಿ ಮಾಡುವ ವಿಧಾನ ಕಂಡುಹಿಡಿದ ಗುಡ್‌ಇಯರ್ ಅವರ ಮಗ.

ಇಲ್ಲೊಂದು ಮೋಸ ಇದೆ. ಗೋಂದಿನ ಬೂಟಿಗೂ ಅಂದಕ್ಕೆ ಅಂತ ಸುತ್ತಲೂ ಹೊಲಿಗೆ ಹಾಕಿರುತ್ತಾರೆ. ಬೂಟನ್ನು ತಿರುಗಿಸಿ ಅಡಿಭಾಗ ನೋಡಿ. ನಿಜವಾದ ಹೊಲಿಗೆಯಾದರೆ ದಾರ ಕೆಳಗೂ ಕಾಣುತ್ತದೆ, ಹೆಚ್ಚಾಗಿ ಸಣ್ಣ ಕಾಲುವೆಯಂಥ ಗೀರಿನೊಳಗೆ ಕೂತಿರುತ್ತದೆ. ಕೆಲವು ದುಬಾರಿ ಬೂಟುಗಳಲ್ಲಿ ಆ ಗೀರನ್ನು ಮುಚ್ಚಿರುತ್ತಾರೆ, ಆಗ ಅಂಚಿನಲ್ಲಿ ತೆಳ್ಳಗಿನ ಗೆರೆ ಹುಡುಕಬೇಕು. ಬೂಟಿನೊಳಗೆ ಕೈ ಹಾಕಿದಾಗ ಪಾದ ಕೂರುವ ಜಾಗದಲ್ಲೇ ಸುತ್ತಲೂ ಹೊಲಿಗೆ ಸಿಕ್ಕರೆ ಅದು ಬ್ಲೇಕ್ ಎಂಬ ಬೇರೆ ವಿಧಾನ. ಅದನ್ನೂ ಬದಲಿಸಬಹುದು, ಆದರೆ ಅದಕ್ಕೆ ಬೇರೆಯೇ ಯಂತ್ರ ಬೇಕು. ನಮ್ಮ ಊರುಗಳಲ್ಲಿ ಅದು ಸಿಗುವುದು ಕಷ್ಟ.

ಡಾಕ್ಟರ್ ಮಾರ್ಟೆನ್ಸ್ ಬೂಟಿನ ಮೇಲೆ ತುಂಬ ಜನರಿಗೆ ಆಸೆ. ಹಾಗಾಗಿ ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಎಂಟು ಕಣ್ಣಿನ 1460 ಮಾದರಿ ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್‌ನ ವೊಲಾಸ್ಟನ್ ಎಂಬ ಊರಲ್ಲಿ ಹುಟ್ಟಿದ್ದು 1960ರ ಏಪ್ರಿಲ್ 1ರಂದು. ಆ ತಾರೀಖೇ ಅದರ ಹೆಸರು. ಗಾಳಿ ತುಂಬಿದ ಆ ಸೋಲಿನ ಯೋಚನೆ ಜರ್ಮನಿಯ ಸೇನಾ ವೈದ್ಯ ಕ್ಲಾಸ್ ಮಾರ್ಟೆನ್ಸ್ ಅವರದು. ಹಿಮದಲ್ಲಿ ಸ್ಕೀಯಿಂಗ್ ಮಾಡುವಾಗ ಕಾಲಿಗೆ ಪೆಟ್ಟಾಗಿ, ಸೇನೆಯ ಗಟ್ಟಿ ಬೂಟು ಹಾಕಲಾಗದೆ ಅವರು ಅದನ್ನು ಮಾಡಿಕೊಂಡರು. 2003ರಲ್ಲಿ ತಯಾರಿಕೆಯ ಬಹುಪಾಲು ಏಷ್ಯಾಕ್ಕೆ ಹೋಯಿತು. 2007ರಿಂದ ಮತ್ತೆ ಸ್ವಲ್ಪ ಪ್ರಮಾಣದಲ್ಲಿ ಹಳೆಯ ಕಾರ್ಖಾನೆಯಲ್ಲೇ ಮಾಡುತ್ತಿದ್ದಾರೆ. ಹಳೆ ಜೊತೆಯ ಮೇಲೆ 'ಮೇಡ್ ಇನ್ ಇಂಗ್ಲೆಂಡ್' ಅಂತ ಕಂಡರೆ ಅದು 2003ಕ್ಕಿಂತ ಹಿಂದಿನದಾಗಿರಬಹುದು, ಅಥವಾ 2007ರ ನಂತರದ ದುಬಾರಿ ಸಾಲಿನದಾಗಿರಬಹುದು. ಇದರ ಸೋಲನ್ನು ಹೊಲಿಗೆಯ ಜೊತೆಗೆ ಬಿಸಿ ಕೊಟ್ಟು ವೆಲ್ಟಿಗೆ ಬೆಸೆದಿರುತ್ತಾರೆ, ವೆಲ್ಟ್ ಕೂಡ ಪ್ಲಾಸ್ಟಿಕ್ ಜಾತಿಯದು. ಬೀದಿಬದಿಯಲ್ಲಿ ಬೂಟು ಹೊಲಿಯುವವರ ಹತ್ತಿರ ಇದರ ಸೋಲ್ ಬದಲಿಸುವುದು ಸುಲಭವಲ್ಲ. ಹಾಗಾಗಿ ಈ ಬೂಟನ್ನು ಹಳೆಯದಾಗಿ ಕೊಳ್ಳುವಾಗ ಸೋಲ್ ಚೆನ್ನಾಗಿರುವುದನ್ನೇ ಆರಿಸಿ. ಅರ್ಧ ನಂಬರ್ ಇದರಲ್ಲಿ ಸಿಗುವುದಿಲ್ಲ ಅನ್ನುವುದೂ ನೆನಪಿರಲಿ.

ಚಾರಣದ ಬೂಟಿಗೆ ಬೇರೆಯೇ ಭಯ ಇದೆ. ಅವುಗಳ ಸೋಲಿನ ನಡುವಿನ ಮೆತ್ತನೆಯ ಪದರವನ್ನು ಹೆಚ್ಚಾಗಿ ಪಾಲಿಯುರೆಥೇನ್‌ನಿಂದ ಮಾಡುತ್ತಾರೆ. ಗಾಳಿಯ ತೇವಾಂಶ ಸೇರಿ ಸೇರಿ ಅದು ಒಳಗಿಂದೊಳಗೇ ಕೊಳೆಯುತ್ತದೆ. ಹಾಕದೆ ಡಬ್ಬಿಯಲ್ಲೇ ಇಟ್ಟರೂ ಬಿಡುವುದಿಲ್ಲ. ಹಾಕದೆ ಇಟ್ಟರೆ ಇನ್ನೂ ಬೇಗ ಹಾಳಾಗುವುದೂ ಉಂಟು. ಕರಾವಳಿ, ಮಲೆನಾಡಿನ ಹವೆಯಲ್ಲಂತೂ ಕೇಳುವುದೇ ಬೇಡ. ಹತ್ತು ವರ್ಷ ಹಳೆಯ, 'ಒಮ್ಮೆಯೂ ಹಾಕಿಲ್ಲ' ಅನ್ನುವ ಚಾರಣದ ಬೂಟು ಕಂಡರೆ ಆಸೆಪಡಬೇಡಿ. ಕುಮಾರ ಪರ್ವತದ ಅರ್ಧ ದಾರಿಯಲ್ಲಿ ಸೋಲ್ ಕಳಚಿಕೊಂಡರೆ ಇಳಿಯುವುದು ನಿಜಕ್ಕೂ ಅಪಾಯ. ಕಾರ್ಖಾನೆಯಲ್ಲಿ ಬೇಯಿಸಿದ ಗಟ್ಟಿ ರಬ್ಬರಿನ ಸೋಲಿಗೆ ಈ ರೋಗ ಇಲ್ಲ. ಹಳದಿ ಎಂಟುಮೂಲೆ ಗುರುತಿನ ವೈಬ್ರಮ್ ರಬ್ಬರ್ ಸೋಲ್ ಅಂಥದ್ದು. 1935ರಲ್ಲಿ ಆಲ್ಪ್ಸ್ ಪರ್ವತದಲ್ಲಿ ತನ್ನ ಆರು ಸಂಗಡಿಗರನ್ನು ಕಳೆದುಕೊಂಡ ಇಟಲಿಯ ವಿಟಾಲೆ ಬ್ರಮಾನಿ, ಜಾರದ ರಬ್ಬರ್ ಸೋಲ್ ಬೇಕು ಅಂತ ಹಟ ಹಿಡಿದು 1937ರ ಹೊತ್ತಿಗೆ ಅದನ್ನು ಮಾಡಿದರು. ಬೂಟಿನ ಅಡಿಯಲ್ಲಿ ಆ ಗುರುತು ಕಂಡಾಗ ನನಗೆ ಆ ಆರು ಜನರ ನೆನಪಾಗುತ್ತದೆ. ಆದರೆ ಆ ಗುರುತು ಕೆಳಗಿನ ರಬ್ಬರಿಗೆ ಮಾತ್ರ ಸಾಕ್ಷಿ. ಅದರ ಮೇಲಿನ ಮೆತ್ತನೆಯ ಪದರವನ್ನು ಬೇರೆಯಾಗಿ ಪರೀಕ್ಷಿಸಬೇಕು.

ಎಲ್ಲಿ ಹುಡುಕುವುದು

ಬೆಂಗಳೂರಿನವರಿಗೆ ಚಿಕ್ಕಪೇಟೆ, ಬಿವಿಕೆ ಅಯ್ಯಂಗಾರ್ ರಸ್ತೆಯ ಸುತ್ತ ಭಾನುವಾರ ಸೇರುವ ಸಂಡೇ ಬಜಾರ್ ಇದೆ. ಬೇಗ ಹೋಗಿ. ಬಿಸಿಲೇರುವ ಹೊತ್ತಿಗೆ ಒಳ್ಳೆಯ ಮಾಲು ಹೋಗಿರುತ್ತದೆ, ಜನರ ನೂಕಾಟದಲ್ಲಿ ಬೂಟನ್ನು ನೆಟ್ಟಗೆ ನೋಡಲೂ ಆಗುವುದಿಲ್ಲ. ಮುಂಬೈನಲ್ಲಿರುವ ಕನ್ನಡಿಗರು ಕಾಮಾಟಿಪುರದ ಕಡೆಯ ದೇಡ್ ಗಲ್ಲಿಯ ಶುಕ್ರವಾರದ ಬೆಳಗಿನ ಜಾವದ ಸಂತೆಯನ್ನು ವಿಚಾರಿಸಬಹುದು. ಇಂಥ ಕಡೆ ಕದ್ದ ಮಾಲೂ ಬರುತ್ತದೆ, ಹೆಸರು ನಕಲಿ ಮಾಡಿದ ಮಾಲಂತೂ ರಾಶಿ. ಕದ್ದದ್ದು ಅನ್ನುವ ಅನುಮಾನ ಬಂದರೆ ಮುಟ್ಟಬೇಡಿ.

ತಮಿಳುನಾಡಿನ ಆಂಬೂರು ಸೆಕೆಂಡ್ ಹ್ಯಾಂಡಿನ ಊರಲ್ಲ. ಆದರೆ ಹೊರದೇಶಕ್ಕೆ ಹೋಗುವ ಶೂ ತಯಾರಾಗುವ ಊರು. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯಲ್ಲೇ ಸಿಗುತ್ತದೆ. ರಫ್ತಿನಿಂದ ಉಳಿದ ಜೊತೆಗಳು ಅಲ್ಲಿನ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಇರುತ್ತವೆ. ಬಿರಿಯಾನಿಗೆ ನಿಲ್ಲುವವರು ಅಲ್ಲೂ ಒಮ್ಮೆ ಕಣ್ಣಾಡಿಸಿ.

ಅಮೆರಿಕದಲ್ಲಿರುವವರಿಗೆ ದಾನವಾಗಿ ಬಂದ ಹಳೆ ವಸ್ತು ಮಾರುವ ಗುಡ್‌ವಿಲ್, ಸಾಲ್ವೇಶನ್ ಆರ್ಮಿ ಅಂಗಡಿಗಳಿವೆ. ಬ್ರಿಟನ್ನಿನಲ್ಲಿ ಆಕ್ಸ್‌ಫ್ಯಾಮ್, ಬ್ರಿಟಿಷ್ ಹಾರ್ಟ್ ಫೌಂಡೇಶನ್‌ನಂಥ ಸಂಸ್ಥೆಗಳ ಅಂಗಡಿಗಳು. ಉಳ್ಳವರ ಬಡಾವಣೆಯ ಅಂಗಡಿಗೆ ಹೋಗುವುದು ಜಾಣತನ, ಅಲ್ಲಿಗೆ ಬರುವ ದಾನವೂ ಅಂಥದ್ದೇ. ಊರಿಗೆ ಬರುವ ನೆಂಟರ ಸೂಟ್‌ಕೇಸಿನಲ್ಲಿ ಒಂದು ಜೊತೆಗೆ ಜಾಗ ಕೇಳುವುದು ನಮ್ಮಲ್ಲಿ ಹೊಸದೇನಲ್ಲ, ಅಲ್ವಾ? ಅಂಚೆಯಲ್ಲಿ ತರಿಸಿದರೆ ಸಾಗಣೆ ಖರ್ಚು ಮತ್ತು ಸುಂಕ ಸೇರಿ ಬೂಟಿನ ಬೆಲೆಯನ್ನೇ ಮೀರಬಹುದು.

ಆನ್‌ಲೈನಿನಲ್ಲಿ ಇಬೇ, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಒಎಲ್‌ಎಕ್ಸ್ ಎಲ್ಲ ಇವೆ. ಸುಮ್ನೆ 'ಲೆದರ್ ಬೂಟ್ಸ್' ಅಂತ ಹುಡುಕಿದರೆ ಸಾವಿರಾರು ಕಸ ಬರುತ್ತದೆ. ಮಾದರಿಯ ನಂಬರ್ ಹಾಕಿ: 1460, ಅಥವಾ ಅಮೆರಿಕದ ರೆಡ್ ವಿಂಗ್ ಕಂಪನಿಯದಾದರೆ 875, 8111. ತಪ್ಪು ಕಾಗುಣಿತದಲ್ಲೂ ಹುಡುಕಿ. ಮಾರುವವರು ಹೆಸರು ತಪ್ಪಾಗಿ ಬರೆದ ಜೊತೆ ಬೇರೆ ಯಾರ ಕಣ್ಣಿಗೂ ಬೀಳದೆ ಉಳಿದಿರುತ್ತದೆ. ಹುಡುಕಾಟವನ್ನು ಸೇವ್ ಮಾಡಿಟ್ಟರೆ ಹೊಸ ಜೊತೆ ಬಂದಾಗ ಮೊಬೈಲಿಗೆ ಸೂಚನೆ ಬರುತ್ತದೆ.

ದೂರದಿಂದ ಕೊಳ್ಳುವಾಗ ಕೇಳಬೇಕಾದ್ದು

ಮಾರುವವರು ಹಾಕುವುದು ಚೆಂದದ ಫೋಟೋ. ನಿಮಗೆ ಬೇಕಾದದ್ದು ಬೇರೆ. ಅಡಿಭಾಗದ ಫೋಟೋ, ಹಿಂದಿನಿಂದ ಎರಡೂ ಹೀಲ್ ಒಟ್ಟಿಗೆ ಕಾಣುವ ಫೋಟೋ, ಬೆರಳ ಬುಡದಲ್ಲಿ ಮಡಚುವ ಜಾಗದ ಹತ್ತಿರದ ಫೋಟೋ, ಹಿಮ್ಮಡಿ ತಾಗುವ ಒಳಭಾಗ, ಲೇಸಿನ ಅಡಿಯ ನಾಲಿಗೆಯ ಒಳಗೆ ಅಚ್ಚಾದ ಅಕ್ಷರ. ಇವನ್ನು ಕೇಳಿ ಪಡೆಯಿರಿ. ಒಳಗಿನ ಮೆತ್ತೆ ಹೊರಗೆ ಬರುವಂತಿದ್ದರೆ ಅದರ ಉದ್ದ ಎಷ್ಟು ಸೆಂಟಿಮೀಟರ್ ಅಂತ ಕೇಳಿ. ಸೋಲಿನ ಹೊರಗಿನ ಉದ್ದ ಹೇಳಿದರೆ ಪ್ರಯೋಜನವಿಲ್ಲ, ವೆಲ್ಟ್ ಎಷ್ಟು ಚಾಚಿದೆ ಅನ್ನುವುದರ ಮೇಲೆ ಅದು ಬದಲಾಗುತ್ತದೆ. ಕೊನೆಗೆ ಎರಡು ಪ್ರಶ್ನೆ: ಸೋಲ್ ಒಮ್ಮೆ ಬದಲಾಗಿದೆಯೇ? ಎಷ್ಟು ಕಾಲದಿಂದ ಹಾಕದೆ ಇಟ್ಟಿದ್ದೀರಿ? ಫೋಟೋ ಕೊಡಲು ಒಲ್ಲೆ ಅನ್ನುವವರಿಂದ ಕೊಳ್ಳಬೇಡಿ.

ಕೈಗೆ ಬಂದಾಗ ನೋಡುವ ಕ್ರಮ

ಇದಕ್ಕೆ ಅವಸರ ಬೇಡ. ಬೆಳಕಿರುವ ಕಡೆ ನಿಂತುಕೊಳ್ಳಿ.

ಮೊದಲು ಮೂಗು. ಬೆವರಿನ ವಾಸನೆ ಹೋಗುತ್ತದೆ. ಮುಚ್ಚಿಟ್ಟ ಕೋಣೆಯ ಬೂಸ್ಟಿನ ವಾಸನೆ ಒಳಗಿನ ಪದರಕ್ಕೆ ಇಳಿದಿದ್ದರೆ ಹೋಗುವುದು ಕಷ್ಟ.

ಆಮೇಲೆ ಚರ್ಮ. ಮಡಚುವ ಜಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ನಿಜವಾದ ಚರ್ಮದಲ್ಲಿ ಸಣ್ಣ ಸಣ್ಣ ಸುಕ್ಕು ಮೂಡಿ, ಬಿಟ್ಟಾಗ ಮಾಯವಾಗುತ್ತದೆ. ರೆಕ್ಸಿನ್ ಆಗಿದ್ದರೆ ಪದರ ಪದರವಾಗಿ ಸಿಪ್ಪೆ ಏಳುತ್ತದೆ, ಕತ್ತರಿಸಿದ ಅಂಚಿನಲ್ಲಿ ಬಟ್ಟೆ ಕಾಣುತ್ತದೆ. ಚರ್ಮದ ಅಂಚಿನಲ್ಲಿ ಕಾಣುವುದು ನಾರು. ನಾಲಿಗೆಯ ಅಂಚು ಹೆಚ್ಚಾಗಿ ಮಡಚದೆ ಬಿಟ್ಟಿರುತ್ತಾರೆ, ಅಲ್ಲಿ ನೋಡುವುದು ಸುಲಭ.

ಮಡಿಕೆ ಬೇರೆ, ಬಿರುಕು ಬೇರೆ. ಮಡಿಕೆ ಎಷ್ಟೇ ಆಳವಿರಲಿ, ಅದು ನಡೆದದ್ದರ ಗುರುತು. ಬಿರುಕಿನಲ್ಲಿ ಮೇಲ್ಪದರ ಹರಿದು ಒಳಗಿನ ನಾರು ತೆರೆದುಕೊಂಡಿರುತ್ತದೆ. ಉಗುರನ್ನು ಅಡ್ಡ ಎಳೆದರೆ ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನು ಯಾವ ಎಣ್ಣೆಯೂ ಕೂಡಿಸುವುದಿಲ್ಲ. ಪಾಲಿಶ್ ಹಚ್ಚಿ ಬಿರುಕು ಮುಚ್ಚಿರುವುದೂ ಉಂಟು, ಹಾಗಾಗಿ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ನೋಡಿ. ತುಂಬ ಒಣಗಿದ ಬೂಟನ್ನು ಮಾತ್ರ ಜೋರಾಗಿ ಬಗ್ಗಿಸಬೇಡಿ. ಒಳಗಿನ ಎಣ್ಣೆ ಆರಿದ ಚರ್ಮ ಹಪ್ಪಳದ ಹಾಗೆ, ಒಮ್ಮೆ ಮುರಿದರೆ ಮುಗಿಯಿತು. ಅದಕ್ಕೆ ಮೊದಲು ಎಣ್ಣೆ ಉಣಿಸಬೇಕು.

ಬೂಟಿನೊಳಗೆ ಕೈ ತೂರಿಸಿ ಬೆರಳ ತುದಿಯವರೆಗೂ ತಡಕಿ. ಮೊಳೆ ಮೇಲೆದ್ದಿದೆಯೇ, ಮೆತ್ತೆ ಸೀಳಿದೆಯೇ, ಹಿಮ್ಮಡಿ ಉಜ್ಜುವ ಕಡೆ ಒಳಚರ್ಮ ಹರಿದಿದೆಯೇ ಗೊತ್ತಾಗುತ್ತದೆ. ಒಳಚರ್ಮಕ್ಕೆ ತೇಪೆ ಹಾಕಿಸಬಹುದು. ಹಿಮ್ಮಡಿಯನ್ನು ಹಿಡಿದಿಡುವ ಗಟ್ಟಿ ಭಾಗವನ್ನು ಹೊರಗಿನಿಂದ ಹಿಸುಕಿ. ಅದು ಮುರಿದು ಲೊಳಲೊಳ ಅಂದರೆ ಬಿಡಿ, ಅದನ್ನು ಸರಿಮಾಡಲು ಬೂಟನ್ನೇ ಬಿಚ್ಚಬೇಕಾಗುತ್ತದೆ.

ಇನ್ನು ಎರಡನ್ನೂ ಸಮತಟ್ಟಾದ ನೆಲದ ಮೇಲಿಟ್ಟು ಹಿಂದಿನಿಂದ ನೋಡಿ. ಹೀಲ್ ಒಂದು ಬದಿಗೆ ಸವೆದಿದ್ದರೆ ಬದಲಿಸಬಹುದು, ಖರ್ಚೂ ಕಡಿಮೆ. ಬೂಟಿನ ಮೈಯೇ ಒಂದು ಕಡೆಗೆ ವಾಲಿದ್ದರೆ ಅದು ಹಿಂದಿನವರ ನಡಿಗೆಗೆ ಬಗ್ಗಿದೆ, ನಿಮ್ಮ ಕಾಲಿಗೆ ಹೊಂದಿಕೊಳ್ಳುವುದಿಲ್ಲ. ವೆಲ್ಟಿನ ಸುತ್ತ ಬೆರಳಾಡಿಸಿ. ದಾರ ಅಲ್ಲಲ್ಲಿ ಕಿತ್ತಿದ್ದರೆ ಪರವಾಗಿಲ್ಲ. ಸೋಲ್ ಸವೆದು ಸವೆದು ವೆಲ್ಟೇ ಉಜ್ಜಿಹೋಗಿದ್ದರೆ ಖರ್ಚು ಬಹಳ. ನಡುವಿನ ಮೆತ್ತನೆಯ ಪದರ ಇದ್ದರೆ ಉಗುರಿನಿಂದ ಒತ್ತಿ. ಪುಡಿ ಉದುರಿದರೆ, ಅಂಟಂಟಾದರೆ ಕೆಳಗಿಟ್ಟು ಮುಂದೆ ಹೋಗಿ.

ಕೊನೆಗೆ ಹಾಕಿ ನೋಡಿ, ಎರಡೂ ಕಾಲಿಗೆ. ಲೇಸ್ ಪೂರ್ತಿ ಕಟ್ಟಿ. ಹಿಮ್ಮಡಿ ಸ್ವಲ್ಪ ಏಳಬಹುದು, ಬೆರಳು ಮುಂದೆ ತಾಗಬಾರದು. ಹಿಂದಿನವರ ಪಾದದ ಅಚ್ಚು ಒಳಗೆ ಇದ್ದೇ ಇರುತ್ತದೆ. ನಿಮ್ಮ ಹೆಬ್ಬೆರಳ ಗಂಟು ಆ ಗುಂಡಿಯಲ್ಲೇ ಕೂತರೆ ಅದು ನಿಮ್ಮ ಬೂಟು. ಅದರ ಅಂಚಿನ ಮೇಲೆ ಕೂತರೆ ಎಷ್ಟು ಇಷ್ಟವಾದರೂ ಬೇಡ.

ಬೆಲೆ ಮಾತಾಡುವುದು

ಲೆಕ್ಕ ಸರಳ. ಕೇಳುವ ಬೆಲೆಗೆ ಹೊಸ ಸೋಲ್, ಹೀಲ್, ಲೇಸಿನ ಖರ್ಚು ಸೇರಿಸಿ. ಆ ಮೊತ್ತ ಹೊಸ ಬೂಟಿನ ಅರ್ಧಕ್ಕಿಂತ ಕೆಳಗೆ ಬಂದರೆ ನಾನು ಕೊಳ್ಳುತ್ತೇನೆ. ಬಜಾರಿನಲ್ಲಿ ಮಾಲನ್ನು ಹಳಿಯಬೇಡಿ. "ಅಣ್ಣಾ, ಬೂಟು ಚೆನ್ನಾಗಿದೆ, ಹೀಲ್ ಮಾತ್ರ ಪೂರ್ತಿ ಹೋಗಿದೆ ನೋಡಿ, ಇದಕ್ಕೆ ಮತ್ತೆ ಖರ್ಚಿದೆ" ಅಂತ ತೋರಿಸಿ ಕೇಳಿದರೆ ಅವರೂ ಇಳಿಯುತ್ತಾರೆ. ಬೆಳಗ್ಗೆಯಿಂದ ಬಿಸಿಲಲ್ಲಿ ಕೂತವರ ಹತ್ತಿರ ಕೊನೆಯ ಐವತ್ತು ರೂಪಾಯಿಗೆ ಎಳೆದಾಡುವುದು ಬೇಡ.

ಮನೆಗೆ ತಂದ ಮೇಲೆ

ಲೇಸ್ ಬಿಚ್ಚಿ, ಒಳಮೆತ್ತೆ ತೆಗೆದು ಎಸೆಯಿರಿ, ಹೊಸದು ಹಾಕಿ. ಒಣ ಬ್ರಷ್‌ನಿಂದ ವೆಲ್ಟಿನ ಸಂದಿಯ ಮಣ್ಣು ತೆಗೆಯಿರಿ, ಮರಳು ದಾರವನ್ನು ಕೊಯ್ಯುತ್ತದೆ. ಚರ್ಮ ತೊಳೆಯಲೆಂದೇ ಇರುವ ಸ್ಯಾಡಲ್ ಸೋಪನ್ನು ಒದ್ದೆ ಬಟ್ಟೆಯಲ್ಲಿ ನೊರೆ ಬರಿಸಿ ಮೇಲೆಲ್ಲ ಒರೆಸಿ, ಇನ್ನೊಂದು ಒದ್ದೆ ಬಟ್ಟೆಯಿಂದ ತೆಗೆಯಿರಿ. ನೀರಿನಲ್ಲಿ ಮುಳುಗಿಸಬೇಡಿ. ಮಖಮಲ್ಲಿನ ಹಾಗೆ ನವಿರಾಗಿರುವ ಸ್ವೀಡ್ ಚರ್ಮಕ್ಕೆ ಈ ಕ್ರಮ ಬೇಡ, ಅದಕ್ಕೆ ಬ್ರಷ್ ಮತ್ತು ರಬ್ಬರ್ ಸಾಕು. ಒಳಗಡೆಗೆ 70 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲನ್ನು ಬಟ್ಟೆಗೆ ಹಾಕಿ ಒರೆಸಿ. ಹೊರಚರ್ಮಕ್ಕೆ ತಾಗಿಸಬೇಡಿ, ಬಣ್ಣ ಬಿಡಬಹುದು.

ಹಳೆ ಪೇಪರ್ ಉಂಡೆ ಮಾಡಿ ತುಂಬಿ ನೆರಳಲ್ಲಿ ಒಣಗಿಸಿ. ಬಿಸಿಲು, ಹೇರ್ ಡ್ರೈಯರ್, ಒಲೆಯ ಪಕ್ಕ, ಯಾವುದೂ ಬೇಡ. ಒಣಗಿದ ಮೇಲೆ ಚರ್ಮವನ್ನು ಮೆತ್ತಗಾಗಿಸುವ ಲೆದರ್ ಕಂಡೀಷನರನ್ನು ತೆಳ್ಳಗೆ ಹಚ್ಚಿ, ಒಂದು ರಾತ್ರಿ ಬಿಟ್ಟು, ಬೇಕೆನಿಸಿದರೆ ಇನ್ನೊಮ್ಮೆ ಹಚ್ಚಿ. ಮನೆಯಲ್ಲಿದೆ ಅಂತ ಕೊಬ್ಬರಿ ಎಣ್ಣೆ ಸುರಿಯಬೇಡಿ. ಬಣ್ಣ ಕಪ್ಪಾಗುತ್ತದೆ, ಜಾಸ್ತಿಯಾದರೆ ಚರ್ಮ ಸಡಿಲವಾಗುತ್ತದೆ. ವಾಸನೆ ಉಳಿದಿದ್ದರೆ ಹಳೆ ಸಾಕ್ಸಿನಲ್ಲಿ ಅಡುಗೆ ಸೋಡ ಕಟ್ಟಿ ರಾತ್ರಿ ಒಳಗಿಡಿ.

ಹೊಸ ಸೋಲ್

ರಸ್ತೆ ಬದಿಯಲ್ಲಿ ಕೂತು ಕೆಲಸ ಮಾಡುವವರಲ್ಲಿ ನಿಜವಾದ ಕೈಕಸುಬು ಬಲ್ಲವರಿದ್ದಾರೆ. ಅವರನ್ನು ಹುಡುಕುವುದು ಬೂಟು ಹುಡುಕುವಷ್ಟೇ ಮುಖ್ಯ. ಮೊದಲು ಒಂದು ಸಣ್ಣ ಕೆಲಸ, ಹೀಲ್ ಬದಲಿಸುವುದನ್ನೋ ತೇಪೆಯನ್ನೋ ಕೊಟ್ಟು ನೋಡಿ. ಆಮೇಲೆ ಬೂಟಿನ ವೆಲ್ಟ್ ತೋರಿಸಿ, "ಹಳೆ ತೂತಿನಲ್ಲೇ ದಾರ ಹಾಯಿಸಿ ಹೊಲಿಯಲು ಆಗುತ್ತದಾ?" ಅಂತ ಕೇಳಿ. ಬರೀ ಗೋಂದು ಹಾಕಿ ಮೊಳೆ ಹೊಡೆಯುತ್ತೇನೆ ಅಂದರೆ ಪೂರ್ತಿ ಸೋಲಿನ ಕೆಲಸ ಅವರಿಗೆ ಬೇಡ. ಮೊಳೆ ಒಳಪದರವನ್ನು ತೂರಿ ಬರುತ್ತದೆ. ಹೊಲಿಗೆ ಬಲ್ಲವರು ಸಿಕ್ಕರೆ ಕೇಳಿದ ಕೂಲಿ ಕೊಡಿ, ಚೌಕಾಸಿ ಮಾಡಬೇಡಿ. ಆ ಹೊಲಿಗೆಗೆ ಅರ್ಧ ದಿನದ ಶ್ರಮ ಬೇಕು.

ಪೂರ್ತಿ ಸವೆಯುವ ಮೊದಲೇ ಮುಂಭಾಗಕ್ಕೆ ತೆಳ್ಳಗಿನ ರಬ್ಬರ್ ಹಾಫ್ ಸೋಲ್ ಅಂಟಿಸಿದರೆ ಕೆಳಗಿನ ಹೊಲಿಗೆ ಬಹುಕಾಲ ಉಳಿಯುತ್ತದೆ. ಹೊರದೇಶದಲ್ಲಿ ಇರುವವರಿಗೆ ಇನ್ನೊಂದು ದಾರಿ ಇದೆ. ರೆಡ್ ವಿಂಗ್, ಆರ್. ಎಂ. ವಿಲಿಯಮ್ಸ್, ನಾರ್ಥಾಂಪ್ಟನ್ ಕಡೆಯ ಟ್ರಿಕರ್ಸ್, ಕ್ರಾಕೆಟ್ ಆ್ಯಂಡ್ ಜೋನ್ಸ್‌ನಂಥ ಕಂಪನಿಗಳು ತಮ್ಮದೇ ಬೂಟುಗಳನ್ನು ತಾವೇ ದುರಸ್ತಿ ಮಾಡಿಕೊಡುತ್ತವೆ. ಖರ್ಚು ಜಾಸ್ತಿ, ಆದರೆ ಬೂಟು ಮೊದಲು ಹೊಲಿದ ಅಚ್ಚಿನ ಆಕಾರಕ್ಕೆ ಮತ್ತೆ ಬರುತ್ತದೆ.

ಮಳೆಗಾಲದಲ್ಲಿ

ಒಂದೇ ಜೊತೆಯನ್ನು ದಿನವೂ ಹಾಕಬೇಡಿ. ಒಳಗಿನ ಬೆವರು ಆರಲು ಒಂದು ದಿನ ಬಿಡಿ. ಜೂನ್ ಬರುವ ಮೊದಲು ಮೇಣದ ಪಾಲಿಶ್ ಹಚ್ಚಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ತಪ್ಪು, ಬಟ್ಟೆ ಚೀಲ ಸಾಕು. ಬಿಳಿ ಬೂಸ್ಟು ಕಂಡರೆ ಮನೆಯ ಹೊರಗೆ ಒಣ ಬಟ್ಟೆಯಿಂದ ಒರೆಸಿ, ವಿನೆಗರ್ ಮತ್ತು ನೀರನ್ನು ಸಮ ಬೆರೆಸಿ ಒದ್ದೆ ಮಾಡಿದ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ನೆರಳಲ್ಲಿ ಆರಿದ ಮೇಲೆ ಕಂಡೀಷನರ್ ಹಚ್ಚಿ. ಒರೆಸಿದ ಬಟ್ಟೆಯನ್ನು ಬೇರೆ ಜೊತೆಗೆ ಬಳಸಬೇಡಿ.